ಮಾವ ಮಾಡಿಕೊಟ್ಟ ಹೆಡ್ಡು

ಗುಂಪಿನ ಹೆಸರು 'ಒಂಟಿಕೊಪ್ಪಲು ಮನೆ'. ಭಾನುವಾರ ಬೆಳಿಗ್ಗೆ ಶುರುವಾದದ್ದು ರಾತ್ರಿ ಊಟದವರೆಗೂ ನಡೆಯಿತು. ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ಗೋಪಿ ಮಾವ (ಫಾರ್ವರ್ಡ್): ನಿಮಗೆ ಗೊತ್ತೇ?? ನಮ್ಮ ಮೈಸೂರಿನಲ್ಲಿ ತಯಾರಾದ ಜಾವಾ ಬೈಕು ಸ್ಪೀಡ್‌ವೇ ರೇಸಿನಲ್ಲಿ ಸತತ 10 ವರ್ಷ ವಿಶ್ವ ಚಾಂಪಿಯನ್!! ಬ್ರಿಟಿಷರೇ ಬೆಚ್ಚಿಬಿದ್ದರು! ಹೆಮ್ಮೆಯ ಕನ್ನಡಿಗರಾದರೆ ಹತ್ತು ಜನರಿಗೆ ಕಳಿಸಿ.

ಗೋಪಿ ಮಾವ: (ಫೋಟೋ)

ವೆಂಕಟೇಶ ದೊಡ್ಡಪ್ಪ: ಸೂಪರ್.

ನಾನು: ಮಾವ, ಫೋಟೋ ಸ್ವಲ್ಪ ದೊಡ್ಡದು ಮಾಡಿ ನೋಡಿ. ಸ್ಪೀಡ್‌ವೇ ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ ಸುತ್ತುವ ರೇಸು. ಈ ಗಾಡಿಗೆ ಬ್ರೇಕೇ ಇಲ್ಲ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಓಡಿಸುವವನ ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ ಕಟ್ಟಿದೆ. ಇದು ಯಾದವಗಿರಿಯ ಜಾವಾ ಫ್ಯಾಕ್ಟರಿ ಗೇಟಿನಿಂದ ಹೊರಟ ಗಾಡಿನಾ?

ಗೋಪಿ ಮಾವ: ಟ್ಯಾಂಕಿನ ಮೇಲೆ ಜಾವಾ ಅಂತ ಬರೆದಿದೆಯಲ್ಲಮ್ಮ. ನನಗೂ ಕಣ್ಣಿದೆ. ಆ ಫ್ಯಾಕ್ಟರಿಯಲ್ಲಿ 19 ವರ್ಷ ಎಂಜಿನ್ ಜೋಡಿಸಿದವನು ನಾನು.

ನಾನು: ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ನೀವು ಜೋಡಿಸಿದ್ದು ಟೂ-ಸ್ಟ್ರೋಕ್ ಅಲ್ವಾ? ಅದಕ್ಕೆ ವಾಲ್ವ್, ಅಂದರೆ ಸಿಲಿಂಡರಿಗೆ ತೆರೆದು ಮುಚ್ಚುವ ಬಾಗಿಲು, ಎಲ್ಲಿತ್ತು? ಫೋಟೋದಲ್ಲಿ ಸಿಲಿಂಡರ್ ಪಕ್ಕ ವಾಲ್ವ್ ತೆರೆಸುವ ಕಡ್ಡಿಯ (ಪುಶ್‌ರಾಡ್) ಕೊಳವೆ ಕಾಣುತ್ತಿದೆ. ಇದು 500 ಸಿಸಿ ಫೋರ್-ಸ್ಟ್ರೋಕ್. ಪೆಟ್ರೋಲ್ ಕೂಡ ಹಾಕುವುದಿಲ್ಲ, ಮೆಥನಾಲ್.

(ಮಾವ 'ಟೈಪ್ ಮಾಡುತ್ತಿದ್ದಾರೆ' ಅಂತ ನಾಲ್ಕು ನಿಮಿಷ ತೋರಿಸಿತು. ಆಮೇಲೆ ನಿಂತುಹೋಯಿತು. ಆ ನಾಲ್ಕು ನಿಮಿಷ ನನಗೆ ಸ್ವಲ್ಪ ಬೇಜಾರಾಯಿತು ಅನ್ನಿ.)

ಸುಹಾಸ್: ಅಕ್ಕ ಹೇಳಿದ್ದು ಸರಿ. ಇಲ್ಲಿ ಮ್ಯಾಂಚೆಸ್ಟರಿನಲ್ಲಿ ಬೆಲ್ ವ್ಯೂ ಟ್ರ್ಯಾಕಿಗೆ ನಾನು ಹೋಗುತ್ತಿರುತ್ತೇನೆ. ಆ ರೇಸಿನ ಎಂಜಿನ್ ಹುಟ್ಟಿದ್ದು ಚೆಕ್ ದೇಶದ ದಿವಿಶೋವ್ ಊರಿನಲ್ಲಿ. 1949ರಲ್ಲಿ ಯಾರೊಸ್ಲಾವ್ ಸಿಮಾಂಡ್ಲ್ ಅನ್ನುವವರು 'ಎಸೊ' ಅಂತ ಕಂಪನಿ ಶುರು ಮಾಡಿದರು. ಎಸೊ ಅಂದರೆ ಅವರ ಭಾಷೆಯಲ್ಲಿ ಇಸ್ಪೀಟಿನ ಎಕ್ಕ. 1964ರಲ್ಲಿ ಅದು ಜಾವಾ ಜೊತೆ ಸೇರಿತು. ಎಂಜಿನ್ ಅದೇ, ಹೆಸರು ಜಾವಾ ಆಯಿತು.

ವೆಂಕಟೇಶ ದೊಡ್ಡಪ್ಪ: ನಾನು ಆಗಲೇ ಹೇಳಿದ್ದೆ. ಬೈಕ್ ಅಂದರೆ ಬುಲೆಟ್.

ಶಾರದತ್ತೆ: ನೀವು ಈಗ ತಾನೇ ಸೂಪರ್ ಅಂದಿರಲ್ಲ ಭಾವ.

ಗೋಪಿ ಮಾವ: ಸರಿ, ಮೈಸೂರಿನದಲ್ಲ. ಒಪ್ಪಿದೆ. ಆದರೆ ಜಾವಾ ಜಾವಾನೇ. 1961ರಲ್ಲಿ ನಮ್ಮಲ್ಲಿ ಗಾಡಿ ತಯಾರಾಗಲು ಶುರುವಾದದ್ದು ಅವರ ಲೈಸೆನ್ಸಿನಲ್ಲೇ. ಚಾಂಪಿಯನ್ ಆಗಿದ್ದಂತೂ ನಿಜ ತಾನೇ?

ಸುಹಾಸ್: ನಿಜ ಮಾವ. 10 ಅಲ್ಲ, 8. 1968ರಿಂದ 1975ರವರೆಗೆ ಪ್ರತಿ ವರ್ಷವೂ ಗೆದ್ದವನು ಕೂತಿದ್ದು ಜಾವಾ ಎರಡು ವಾಲ್ವಿನ ಎಂಜಿನ್ ಮೇಲೆ. ನ್ಯೂಜಿಲೆಂಡಿನ ಐವನ್ ಮಾಗರ್ ಮೊದಲ ಮೂರು ವರ್ಷ ಸತತ ಗೆದ್ದ. ಆಮೇಲೆ ಡೆನ್ಮಾರ್ಕಿನ ಓಲೆ ಓಲ್ಸೆನ್, ಮತ್ತೆ ಮಾಗರ್, ಪೋಲೆಂಡಿನ ಶ್ಚಾಕೀಲ್, ಸ್ವೀಡನ್ನಿನ ಮಿಖಾನೆಕ್. 1975ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಮತ್ತೆ ಓಲ್ಸೆನ್. ಎರಡು ವಾಲ್ವಿಗೆ ಅದೇ ಕೊನೆ.

ಗೋಪಿ ಮಾವ: ನೋಡಿದಿರಾ!! ಬ್ರಿಟಿಷರು ಬೆಚ್ಚಿಬಿದ್ದಿದ್ದೂ ನಿಜ.

ಸುಹಾಸ್: ಅದೂ ಅರ್ಧ ನಿಜ. ಅದಕ್ಕೂ ಮುಂಚೆ ಎಲ್ಲರೂ ಓಡಿಸುತ್ತಿದ್ದದ್ದು ಲಂಡನ್ನಿನ ಟಾಟನ್‌ಹ್ಯಾಮಿನ ಜೆ.ಎ.ಪಿ. ಎಂಜಿನ್. 1930ರ ಸುಮಾರಿನ ಡಿಸೈನು, 1960ರ ದಶಕದವರೆಗೂ ಓಡಿತು. ಅದನ್ನು ಟ್ರ್ಯಾಕಿನಿಂದ ಆಚೆ ಹಾಕಿದ್ದೇ ಈ ಎಸೊ.

ನಾನು: ಮೂವತ್ತು ವರ್ಷ ಒಂದೇ ಎಂಜಿನ್ ಇಟ್ಟುಕೊಂಡು ಕೂತರೆ ಇನ್ನೇನಾಗುತ್ತದೆ? ಜಾವಾದವರೂ ಕೊನೆಗೆ ಅದೇ ಮಾಡಿದರು. 1970ರ ಹೊತ್ತಿಗೇ ಎರಡು ವಾಲ್ವ್ ಹಳೇ ಕಾಲದ್ದು. ಎದುರಿಗೆ ಬೇರೆ ಯಾರೂ ಇರಲಿಲ್ಲ, ಗೆದ್ದರು.

ಗೋಪಿ ಮಾವ: ಹಳೇ ಕಾಲದ್ದು ಅಂತ ಯಾರು ಹೇಳಿದ್ದು? ಎಂಟು ವರ್ಷ ಗೆದ್ದದ್ದು ಹಳೇದು ಹೇಗಾಗುತ್ತೆ ಪುಟ್ಟಿ? ಆ ರೇಸು ಎಷ್ಟು ಹೊತ್ತು? ನಾಲ್ಕು ಜನ, ನಾಲ್ಕು ಸುತ್ತು, ಒಂದು ನಿಮಿಷ ಚಿಲ್ಲರೆ. ಮಣ್ಣಿನ ಟ್ರ್ಯಾಕು. ಅಲ್ಲಿ ಬೇಕಾಗಿರೋದು ಮೇಲಿನ ಸ್ಪೀಡ್ ಅಲ್ಲ, ಕೆಳಗಿನ ಎಳೆತ. ಶುರುವಿನಲ್ಲಿ ಅಡ್ಡ ಕಟ್ಟಿದ ದಾರ ಮೇಲೆ ಎದ್ದ ತಕ್ಷಣ ಚಕ್ರ ಸುಮ್ನೆ ಸುತ್ತಬಾರದು, ನೆಲ ಕಚ್ಚಬೇಕು. ಎರಡು ವಾಲ್ವಿನ ದೊಡ್ಡ ಸಿಂಗಲ್ ಸಿಲಿಂಡರ್ ಅದನ್ನು ಮಾಡುತ್ತೆ. ಓದಿದ್ದು ಒಂದು, ಕೈಯಲ್ಲಿ ಹಿಡಿದದ್ದು ಒಂದು.

(ಇದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಮಾವ ಹೇಳಿದ್ದರಲ್ಲಿ ತಪ್ಪಿಲ್ಲ.)

ನಾನು: ಎಳೆತ ಒಪ್ಪುತ್ತೇನೆ. ಆದರೆ ಮದುವೆ ಛತ್ರ ಯೋಚನೆ ಮಾಡಿ ಮಾವ. ಒಂದು ಪಂಕ್ತಿ ಏಳಬೇಕು, ಇನ್ನೊಂದು ಕೂರಬೇಕು. ಒಳಗೆ ಬರಲು ಒಂದೇ ಬಾಗಿಲು, ಕೈತೊಳೆಯಲು ಹೋಗಲು ಒಂದೇ ಬಾಗಿಲು. ಬಾಗಿಲು ದೊಡ್ಡದು ಮಾಡಿದರೆ ಅದು ಭಾರ, ಬೇಗ ಬೇಗ ತೆಗೆದು ಹಾಕಲು ಆಗಲ್ಲ. ಎರಡೆರಡು ಚಿಕ್ಕ ಬಾಗಿಲು ಇಟ್ಟರೆ ಜನ ಜಾಸ್ತಿ ಹೋಗುತ್ತಾರೆ, ಬಾಗಿಲೂ ಹಗುರ. ಎಂಜಿನ್ನಿನಲ್ಲೂ ಗಾಳಿ-ಇಂಧನ ಒಳಗೆ ಬರಬೇಕು, ಹೊಗೆ ಹೊರಗೆ ಹೋಗಬೇಕು. ನಾಲ್ಕು ವಾಲ್ವ್ ಅಂದರೆ ಅಷ್ಟೇ. ಎಂಜಿನ್ ಸುತ್ತುವ ವೇಗ (ಆರ್‌ಪಿಎಂ) ಏರಿದಾಗ ದೊಡ್ಡ ವಾಲ್ವನ್ನು ಸ್ಪ್ರಿಂಗ್ ಸರಿಯಾದ ಹೊತ್ತಿಗೆ ಮುಚ್ಚಲಾರದು. ಇದರ ಜೊತೆಗೆ ಕಿಡಿ ಹಾರಿಸುವ ಪ್ಲಗ್ಗನ್ನು ನಟ್ಟನಡುವೆ ಕೂರಿಸಬಹುದು.

ಶಾರದತ್ತೆ: ನಮ್ಮ ಮಾಲತಿ ಮದುವೆ ಛತ್ರ ಹಾಗೇ ಇತ್ತು. ಮೂರನೇ ಪಂಕ್ತಿಗೆ ಹೋಳಿಗೆ ಸಿಗಲಿಲ್ಲ.

ಗೋಪಿ ಮಾವ: ಬೋರ್ಡಿನ ಮೇಲೆ ಬರೆಯಲು ಚೆನ್ನಾಗಿದೆ. ಟ್ರ್ಯಾಕಿನಲ್ಲಿ ಏನಾಯಿತು ಹೇಳು.

ಸುಹಾಸ್: ಟ್ರ್ಯಾಕಿನಲ್ಲಿ ಏನಾಯಿತು ನಾನು ಹೇಳುತ್ತೇನೆ. ಇಂಗ್ಲೆಂಡಿನ ರೈ ಊರಿನಲ್ಲಿ ಹ್ಯಾರಿ ವೆಸ್ಲೇಕ್ ಅಂತ ಇದ್ದರು. ಜಾಗ್ವಾರ್ ಕಾರಿನ ಎಂಜಿನ್ ಹೆಡ್‌ಗಳಿಗೆ, ಅಂದರೆ ವಾಲ್ವ್ ಇರುವ ಮೇಲಿನ ಭಾಗಕ್ಕೆ, ಕೈಹಾಕಿದ್ದ ಮನುಷ್ಯ. ಅವರ ಕಂಪನಿ 1975ರ ಹೊತ್ತಿಗೆ ಸ್ಪೀಡ್‌ವೇಗೆ ನಾಲ್ಕು ವಾಲ್ವಿನ ಎಂಜಿನ್ ತಂದಿತು. 1976ರ ಫೈನಲ್ ಪೋಲೆಂಡಿನ ಖೊಝುವ್‌ನಲ್ಲಿ. ಮೊದಲನೆಯವನು ನಮ್ಮ ಬೆಲ್ ವ್ಯೂ ಹುಡುಗ ಪೀಟರ್ ಕಾಲಿನ್ಸ್, ವೆಸ್ಲೇಕ್. ಎರಡನೆಯವನು ಮಾಲ್ಕಮ್ ಸಿಮನ್ಸ್, ವೆಸ್ಲೇಕ್. ಮೂರನೆಯವನು ಆಸ್ಟ್ರೇಲಿಯಾದ ಫಿಲ್ ಕ್ರಂಪ್. ಅವನದೂ ನಾಲ್ಕು ವಾಲ್ವ್. ವೆಂಬ್ಲಿಯಲ್ಲಿ ಗೆದ್ದು ಒಂದೇ ವರ್ಷ. ಎರಡು ವಾಲ್ವಿನ ಕತೆ ಮುಗಿಯಿತು.

ನಾನು: ಒಂದೇ ವರ್ಷ ಮಾವ.

(ಇಲ್ಲಿಗೆ ನಿಲ್ಲಿಸಬೇಕಿತ್ತು. ಗೆದ್ದೆ ಅನ್ನಿಸಿದಾಗ ಸುಮ್ಮನಿರುವುದು ನಮ್ಮ ವಂಶದಲ್ಲೇ ಇಲ್ಲ.)

ನಾನು: ನಮ್ಮ ಮೈಸೂರು ಜಾವಾಗೆ ಆಮೇಲೆ ಬಂದ ಹೆಸರು ಯೆಜ್ಡಿ, ಅದರ ಕತೆಯೂ ಇದೇ ಅಲ್ವಾ? 1985ರಲ್ಲಿ ಹೀರೋ ಹೋಂಡಾ ಫೋರ್-ಸ್ಟ್ರೋಕ್ ಬಂತು. ನಮ್ಮ ಟೂ-ಸ್ಟ್ರೋಕ್ ಡುಗು ಡುಗು ಹಾಗೇ ಇತ್ತು.

ಈ ಮೆಸೇಜ್ ಅಳಿಸಲಾಗಿದೆ. – ಗೋಪಿ ಮಾವ

ಶಾರದತ್ತೆ: ಪುಟ್ಟಿ, ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ನಾನು: ಅಯ್ಯೋ ಸಾರಿ ಅತ್ತೆ.

ಸಂಜೆಯವರೆಗೂ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ನಾನು ಮೂರು ಸಲ ತೆಗೆದು ನೋಡಿದೆ. ಆರು ಗಂಟೆಗೆ ಸುಹಾಸನೇ ಮತ್ತೆ ಶುರು ಮಾಡಿದ.

ಸುಹಾಸ್: ಮಾವ, ಒಂದು ವಿಷಯ ಬಿಟ್ಟುಬಿಟ್ಟೆ. ಮೂರನೇ ಸ್ಥಾನದ ಕ್ರಂಪ್ ಇದ್ದಾನಲ್ಲ, ಅವನ ಎಂಜಿನ್ ವೆಸ್ಲೇಕ್ ಅಲ್ಲ. ಕೆಳಗಡೆಯೆಲ್ಲ ಜಾವಾ. ನೀಲ್ ಸ್ಟ್ರೀಟ್ ಅನ್ನುವವರು ಅದೇ ಹಳೇ ಜಾವಾಗೆ ನಾಲ್ಕು ವಾಲ್ವಿನ ಹೊಸ ಹೆಡ್ ಮಾಡಿ ಕೂರಿಸಿದ್ದರು. ಸ್ಟ್ರೀಟ್ ಯಾರು ಗೊತ್ತಾ? ಕ್ರಂಪನ ಮಾವ. ಹೆಣ್ಣು ಕೊಟ್ಟ ಮಾವ.

(ಎರಡು ನೀಲಿ ಗೆರೆ.)

ಗೋಪಿ ಮಾವ: ಎಂಜಿನ್ ಕೇಸು, ಅದರೊಳಗೆ ತಿರುಗುವ ಕ್ರ್ಯಾಂಕು ಎಲ್ಲಾ ಜಾವಾನೇ?

ಸುಹಾಸ್: ಕೆಳಗಿನದು ಜಾವಾನೇ.

ಗೋಪಿ ಮಾವ: ಹಾಗಾದರೆ ಎಂಜಿನ್ ಹಳೇದಾಗಿರಲಿಲ್ಲ. ಹೆಡ್ಡು ಹಳೇದಾಗಿತ್ತು. ಜಾಸ್ತಿ ಹೊಡೆತ ಬೀಳೋದು ಕೆಳಗೆ. ಅದು ತಡೆದುಕೊಂಡು ಪ್ರಪಂಚಕ್ಕೆ ಮೂರನೆಯದಾಗಿದೆ ಅಂದರೆ ಆ ಕ್ರ್ಯಾಂಕ್ ಮಾಡಿದವನಿಗೆ ನಮಸ್ಕಾರ. ಪುಟ್ಟಿ, ಏನಂತೀಯ?

ನಾನು: ಇದನ್ನು ಒಪ್ಪಿದೆ ಮಾವ. ನಿಜವಾಗಿ. ಆಮೇಲೆ ಜಾವಾದವರೂ ತಾವೇ ನಾಲ್ಕು ವಾಲ್ವಿನದು ಮಾಡಿದರಂತೆ.

ಸುಹಾಸ್: ಸ್ಟ್ರೀಟ್ ಮೊಮ್ಮಗ ಜೇಸನ್ ಕ್ರಂಪ್ ಕೂಡ ಮೂರು ಸಲ ವಿಶ್ವ ಚಾಂಪಿಯನ್. 2004, 2006, 2009. ಅಷ್ಟು ಹೊತ್ತಿಗೆ ಎಂಜಿನ್ ಎಲ್ಲಾ ಬೇರೆ ಬಿಡಿ. ಬದಲಾಗದೆ ಇದ್ದದ್ದು ಅಂದರೆ ವಾಸನೆ. ಹಳೇ ಗಾಡಿಗಳ ಪ್ರದರ್ಶನ ಇದ್ದಾಗ ಸ್ಟೇಡಿಯಂ ತುಂಬಾ ಒಂಥರಾ ಸಿಹಿ ಘಾಟು. ಅವಕ್ಕೆ ಹಾಕೋದು ಹರಳೆಣ್ಣೆ ಬೆರೆಸಿದ ಆಯಿಲ್.

ಶಾರದತ್ತೆ: ಹರಳೆಣ್ಣೆನಾ? ತಲೆಗೆ ಹಚ್ಚೋದಾ?

ನಾನು: ಅದೇ ಅತ್ತೆ. ಮಾಮೂಲಿ ಆಯಿಲ್ ಮೆಥನಾಲ್ ಜೊತೆ ಹೊಂದುವುದಿಲ್ಲ.

ವೆಂಕಟೇಶ ದೊಡ್ಡಪ್ಪ: ಹೊಟ್ಟೆ ಕೆಟ್ಟರೆ ಕುಡಿಸುತ್ತಿದ್ದರು. ರೇಸಿಗೂ ಅದೇನಾ. ಅದಕ್ಕೇ ಓಡುತ್ತೆ.

ಶಾರದತ್ತೆ: ಸುಹಾಸ, ಆ ಸ್ಟ್ರೀಟ್ ಅಳಿಯನ ಹತ್ತಿರ ಹೆಡ್ಡಿಗೆ ದುಡ್ಡು ತೆಗೆದುಕೊಂಡರಾ?

ಸುಹಾಸ್: ಅದನ್ನೆಲ್ಲಾ ಯಾರು ಬರೆದಿಡುತ್ತಾರೆ ಅತ್ತೆ!

ಗೋಪಿ ಮಾವ: ಫಾರ್ವರ್ಡ್ ತೆಗೆದಿದ್ದೇನೆ. ಫೋಟೋ ಇಟ್ಟುಕೊಂಡಿದ್ದೇನೆ. ಪುಟ್ಟಿ, ಬೆಳಿಗ್ಗೆ ನೀನು ಯೆಜ್ಡಿ ಬಗ್ಗೆ ಹೇಳಿದ್ದು ಸುಳ್ಳೇನಲ್ಲ. 1996ರಲ್ಲಿ ಬಾಗಿಲು ಹಾಕಿದಾಗಲೂ ಲೈನಿನಲ್ಲಿ ಇದ್ದ ಕೈಗಳು ಒಳ್ಳೇ ಕೈಗಳೇ. ನಮಗೂ ಅಂಥ ಒಬ್ಬ ಮಾವ ಬೇಕಿತ್ತು ನೋಡು, ಹೊಸ ಹೆಡ್ ಮಾಡಿಕೊಡೋನು.

ಶಾರದತ್ತೆ: ರೀ, ನಮ್ಮಪ್ಪ ನಿಮ್ಮ ಜಾವಾಗೆ ಎರಡು ಸಲ ಪಿಸ್ಟನ್ ರಿಂಗ್ ಹಾಕಿಸಿಕೊಟ್ಟಿದ್ದರು. ಮರೆತಿರಾ?

ಗೋಪಿ ಮಾವ: ಒಂದು ಸಲ. ಇನ್ನೊಂದು ಸಲ ನಾನೇ ಕೊಟ್ಟೆ.