ಮಗುವಿಗೆ ಶ್ರವಣದೋಷವಿದೆ ಎಂದು ತಿಳಿದ ಮೇಲೆ: ತಾಯಂದಿರ ಅನುಭವಗಳು

ಪ್ರಶ್ನೆ (ರಾಜಾಜಿನಗರದ ತಾಯಿ):
ನಮ್ಮ 14 ತಿಂಗಳ ಮಗನಿಗೆ ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷವಿರುವುದು ಬೆರಾ ಪರೀಕ್ಷೆಯಲ್ಲಿ (ಸದ್ದಿಗೆ ಶ್ರವಣನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆಂದು ಅಳೆಯುವ ಪರೀಕ್ಷೆ) ತಿಳಿದುಬಂದಿದೆ. ಶ್ರವಣಸಾಧನ ಹಾಕಿದರೆ ಕಿತ್ತೆಸೆಯುತ್ತಾನೆ. ಬಸುರಿಯಾಗಿದ್ದಾಗ ಗ್ರಹಣದ ದಿನ ನಾನು ಹೊರಗೆ ಬಂದದ್ದೇ ಇದಕ್ಕೆ ಕಾರಣವೆಂದು ಅತ್ತೆಯವರು ಹೇಳುತ್ತಾರೆ. ನಾನು ಕೆಲಸ ಬಿಡಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಹೆಣ್ಣೂರಿನ ತಾಯಿ:
ಗ್ರಹಣದ ಮಾತನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ವಂಶವಾಹಿ, ಗರ್ಭಿಣಿಗೆ ತಗುಲಿದ ರುಬೆಲ್ಲಾದಂತಹ ಸೋಂಕು, ದಿನ ತುಂಬುವ ಮೊದಲೇ ಆದ ಹೆರಿಗೆ, ಹುಟ್ಟಿದಾಗ ವಿಪರೀತಕ್ಕೆ ಹೋದ ಕಾಮಾಲೆ, ಹೀಗೆ ಕಾರಣಗಳು ಹಲವು. ಗ್ರಹಣಕ್ಕೂ ಕಿವಿಗೂ ಸಂಬಂಧವಿಲ್ಲ. ವಂಶವಾಹಿಯಿಂದ ಬರುವ ಹೆಚ್ಚಿನ ಪ್ರಕರಣಗಳಲ್ಲಿ ಚೆನ್ನಾಗಿಯೇ ಕೇಳಿಸಿಕೊಳ್ಳುವ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದು ಸೇರಿರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ನಮ್ಮ ಕಡೆ ಅದರ ಸಂಭವ ಹೆಚ್ಚು. ತಾಯಿಯೊಬ್ಬಳ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ನಮ್ಮ ಮನೆಯಲ್ಲಿ ಇದನ್ನು ನಾನು ಎಷ್ಟು ಹೇಳಿದರೂ ನಡೆಯಲಿಲ್ಲ. ಅತ್ತೆಯವರನ್ನೇ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಬಳಿ ಕರೆದೊಯ್ದು ಆ ತಜ್ಞರ ಬಾಯಿಂದಲೇ ಕೇಳಿಸಿದೆವು. ಅಂದಿನಿಂದ ಮಾತು ನಿಂತದ್ದಷ್ಟೇ ಅಲ್ಲ, ಮಗಳ ಸಾಧನ ಸರಿಯಾಗಿದೆಯೇ ಎಂದು ನೋಡುವ ಬೆಳಗಿನ ಪರೀಕ್ಷೆಯನ್ನು ಅತ್ತೆಯವರೇ ವಹಿಸಿಕೊಂಡರು. ಮಗಳಿಗೆ ಮೂರು ವರ್ಷ ತುಂಬಿದ ಮೇಲೆ, ತುಟಿಯ ಚಲನೆ ಕಾಣದಂತೆ ಅವಳ ಹಿಂದೆ ಕುಳಿತು ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ಹೇಳುತ್ತಾರೆ. ಕೇಳಿಸಿದಾಗಲೆಲ್ಲ ಅವಳು ಸ್ಟೀಲ್ ಡಬ್ಬಿಗೆ ಒಂದು ಮಣಿ ಹಾಕುತ್ತಾಳೆ. ‘ಸ್’ಗೆ ಮಣಿ ಬೀಳದ ದಿನ ಬ್ಯಾಟರಿಯನ್ನೂ ಸಾಧನದ ಕೊಳವೆಯಲ್ಲಿ ನಿಂತ ತೇವವನ್ನೂ ನೋಡುತ್ತೇವೆ.

ವಿಜಯನಗರದ ತಾಯಿ:
ಕಿತ್ತೆಸೆಯುವುದು ಈ ವಯಸ್ಸಿನಲ್ಲಿ ಸಹಜ. ಆದರೂ ಕಿವಿಯ ಅಚ್ಚನ್ನು (ಕಿವಿಯೊಳಗೆ ಕೂರುವ ಸಾಧನದ ಭಾಗ) ಒಮ್ಮೆ ಪರೀಕ್ಷೆ ಮಾಡಿಸಿ. ಮಗು ಬೆಳೆದಂತೆ ಅಚ್ಚು ಸಡಿಲವಾಗಿ ಸಾಧನ ಕುಯ್ಗುಡುತ್ತದೆ, ಆಗ ಹೊಸದು ಮಾಡಿಸಲೇಬೇಕು. ಕಿವಿ ಕೆಂಪಾಗಿದ್ದರೆ ಅಥವಾ ಸದ್ದಿಗೆ ಬೆಚ್ಚುತ್ತಿದ್ದರೆ ಬಲವಂತ ಮಾಡದೆ ಆಡಿಯಾಲಜಿಸ್ಟ್‌ಗೆ ತಿಳಿಸಿ. ಅಂಗಿಗೆ ಸಿಕ್ಕಿಸುವ ದಾರದ ಕ್ಲಿಪ್ ಇದ್ದರೆ ಸಾಧನ ಕಳೆದುಹೋಗದು. ರಾತ್ರಿ ಅದನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಗುಂಡಿ ಬ್ಯಾಟರಿಯನ್ನು ಮಗು ನುಂಗಿದರೆ ಪ್ರಾಣಾಪಾಯ. ಬ್ಯಾಟರಿ ಬಾಗಿಲಿಗೆ ಬೀಗವಿರುವ ಸಾಧನವನ್ನೇ ಕೇಳಿ ಪಡೆಯಿರಿ.

ಜಯನಗರದ ತಾಯಿ, ಬ್ಯಾಂಕ್ ಉದ್ಯೋಗಿ:
ಕೆಲಸ ಬಿಡುವ ನಿರ್ಧಾರವನ್ನು ಈಗಲೇ ಮಾಡಬೇಡಿ. ಥೆರಪಿಯ (ಮಾತು ಕಲಿಸುವ ತರಬೇತಿಯ) ಗಂಟೆಗಿಂತ ಉಳಿದ ಹೊತ್ತಿನಲ್ಲಿ ಮನೆಯವರೆಲ್ಲ ಆಡುವ ಮಾತೇ ಮಗುವಿಗೆ ಭಾಷೆ ಕಲಿಸುತ್ತದೆ. ಆ ಹೊಣೆಯನ್ನು ತಾಯಿಯೊಬ್ಬಳೇ ಹೊರಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಶನಿವಾರದ ಥೆರಪಿಗೆ ಯಜಮಾನರು ಹೋಗುತ್ತಾರೆ, ಸಂಜೆ ಸೊಪ್ಪು ಬಿಡಿಸುತ್ತಾ ಅಮ್ಮ ನಮ್ಮ ಮಗನೊಡನೆ ಮಾತಾಡುತ್ತಾರೆ. ಆಗ ಟಿವಿ, ಮಿಕ್ಸಿ ಎರಡೂ ಬಂದ್, ಏಕೆಂದರೆ ಸಾಧನವು ಎಲ್ಲ ಸದ್ದನ್ನೂ ಹೆಚ್ಚಿಸುತ್ತದೆ.

ಸನ್ನೆ ಭಾಷೆ ಕಲಿಸಿದರೆ ಮಾತು ಬಾರದೆಂದು ಹೆದರಿಸುವವರಿದ್ದಾರೆ, ಅದಕ್ಕೆ ಆಧಾರವಿಲ್ಲ.

ಹೆಣ್ಣೂರು ರಸ್ತೆಯ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಕ್ಕಳ ಜೊತೆ ತಾಯಂದಿರಿಗೂ ತರಬೇತಿ ಕೊಡುತ್ತದೆ. ಸಾಧನದಿಂದ ಸಾಕಷ್ಟು ಪ್ರಯೋಜನವಾಗದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್‌ಗೆ (ಶಸ್ತ್ರಚಿಕಿತ್ಸೆಯಿಂದ ಒಳಕಿವಿಯಲ್ಲಿ ಅಳವಡಿಸುವ ಸಾಧನ) ಕೇಂದ್ರದ ಎಡಿಪ್ ಯೋಜನೆಯಲ್ಲಿ (ಅಂಗವಿಕಲರಿಗೆ ಸಾಧನ ಸಲಕರಣೆ ಒದಗಿಸುವ ಯೋಜನೆ) ನೆರವಿದೆ. ಹುಟ್ಟಿನಿಂದ ಕೇಳಿಸದ ಮಕ್ಕಳಿಗೆ ವಯಸ್ಸಿನ ಮಿತಿ 5 ವರ್ಷ, ಆದಾಯದ ಮಿತಿಯೂ ಉಂಟು. ಆದ್ದರಿಂದ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಈಗಲೇ ಅರ್ಜಿ ಹಾಕಿ, ಬೆರಾ ವರದಿಯ ಪ್ರತಿಗಳನ್ನು ಜೋಪಾನವಾಗಿಡಿ.