ಪದಚರ್ಚೆ: ಕಾರ್ಡಿನಲ್ಲಿರುವ ದುಡ್ಡಿಗೆ 'ಬಾಕಿ' ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಗಿಫ್ಟ್ ಕಾರ್ಡಿನ 'ಬ್ಯಾಲೆನ್ಸ್'ಗೆ ಕನ್ನಡದಲ್ಲಿ ಏನು ಬರೆಯಬೇಕು? ಇದನ್ನು ಕೇಳೋಣ ಅಂತಲೇ ಈ ಪತ್ರ. ನಾನು ಹೇಳುತ್ತಿರುವುದು ಒಮ್ಮೆ ಬಳಸಿ ಬಿಸಾಡುವ ಕಾರ್ಡಿನ ಬಗ್ಗೆ ಅಲ್ಲ, ಮತ್ತೆ ಮತ್ತೆ ದುಡ್ಡು ಹಾಕಬಹುದಾದ ಕಾರ್ಡಿನ ಬಗ್ಗೆ. ಆನ್‌ಲೈನಿನಲ್ಲಿ ಏನಾದರೂ ಕೊಳ್ಳುವಾಗ ಅದರ ನಂಬರು ಕೊಟ್ಟರೆ ಅಷ್ಟು ಹಣ ಕಳೆಯುತ್ತದೆ, ಉಳಿದದ್ದು ಕಾರ್ಡಿನಲ್ಲೇ ಇರುತ್ತದೆ. ಹಾಗೆ ಇರುವ ಹಣಕ್ಕೆ ಒಂದು ಕನ್ನಡ ಪುಟದಲ್ಲಿ 'ಬಾಕಿ' ಅಂತ ಬರೆದಿದ್ದರು. ಅದರಿಂದ ನಮ್ಮ ಚಿಗವ್ವ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟಳು.

ಆದದ್ದು ಇಷ್ಟು. ಮಗಳು ಅವಳಿಗೆ 1000 ಹಾಕಿದ ಒಂದು ಕಾರ್ಡು ಕೊಟ್ಟಿದ್ದಳು. ಅದರಲ್ಲಿ 640ಕ್ಕೆ ಏನೋ ತರಿಸಿಕೊಂಡಳು. ಮಾರನೇ ದಿನ ಪುಟ ತೆರೆದು ನೋಡಿದರೆ 'ನಿಮ್ಮ ಬಾಕಿ: 360' ಅಂತಿದೆ. ಅದರ ಕೆಳಗೇ ಒಂದು ಬಟನ್ನು: 'ಹಣ ತುಂಬಿ'. ಚಿಗವ್ವ ಯಾರ ಬಾಕಿಯನ್ನೂ ಇಟ್ಟುಕೊಳ್ಳುವವಳಲ್ಲ. ತಕ್ಷಣ ಬ್ಯಾಂಕಿನ ಖಾತೆಯಿಂದ 360 ತುಂಬಿಬಿಟ್ಟಳು. ಪುಟ ಮತ್ತೆ ಬಂತು. ಈಗ ಅದರಲ್ಲಿ 'ನಿಮ್ಮ ಬಾಕಿ: 720'.

ನನಗೆ ಫೋನು ಬಂದಾಗ ಅವಳ ದನಿ ನಡುಗುತ್ತಿತ್ತು. "ತುಂಬಿದಷ್ಟೂ ಬಾಕಿ ಹೆಚ್ಚಾಗಾಕತ್ತೈತಲ್ಲೋ! ಯಾರರ ಮೋಸ ಮಾಡಾಕತ್ತಾರೇನು?"

ಅವಳು ಓದಿದ್ದರಲ್ಲಿ ತಪ್ಪೇನಿದೆ ಹೇಳಿ? ಅಲ್ಲಿದ್ದ ಕನ್ನಡವನ್ನು ಅವಳು ಕನ್ನಡದ ಹಾಗೇ ಓದಿದ್ದಳು. ಬರೆದವರು ಮಾತ್ರ ಮನಸ್ಸಿನಲ್ಲಿ ಇಂಗ್ಲಿಷ್ ಇಟ್ಟುಕೊಂಡು ಬರೆದಿದ್ದರು.

'ಬಾಕಿ' ಅರಬ್ಬಿಯಿಂದ ಬಂದ ಪದ. ಮೂಲದಲ್ಲಿ 'ಉಳಿದದ್ದು' ಅಂತಷ್ಟೇ ಅರ್ಥ. ಆ ಅರ್ಥ ನಮ್ಮಲ್ಲೂ ಪೂರ್ತಿ ಹೋಗಿಲ್ಲ. 'ಬಾಕಿಯವರು ಎಲ್ಲಿ?' ಅಂತೀವಿ, 'ಬಾಕಿ ಕೆಲಸ ನಾಳೆ' ಅಂತೀವಿ. ಆದರೆ ದುಡ್ಡಿನ ಮಾತು ಬಂದ ಕೂಡಲೇ ಈ ಪದ ಒಂದೇ ಕಡೆಗೆ ವಾಲುತ್ತದೆ. ಬಾಕಿ ವಸೂಲಿ, ಬಾಕಿದಾರ, ಬಾಕಿ ತೀರಿಸು, ಬಾಡಿಗೆ ಬಾಕಿ, ಸಂಬಳ ಬಾಕಿ. ಇವೆಲ್ಲದರಲ್ಲೂ ಒಬ್ಬರು ಇನ್ನೊಬ್ಬರಿಗೆ ಕೊಡಬೇಕಾದ ಹಣ ಇದೆ. 'ನಿಮ್ಮ ಬಾಕಿ' ಅಂದರಂತೂ ಅನುಮಾನವೇ ಇಲ್ಲ, ಕೊಡಬೇಕಾದವರು ನೀವೇ. ಅಂಗಡಿಯವರು 'ನಿಮ್ಮದೊಂದು ಬಾಕಿ ಇದೆ ನೋಡಿ' ಅಂದರೆ ಯಾರಾದರೂ ಕೈ ಚಾಚುತ್ತಾರಾ? ಜೇಬಿಗೆ ಕೈ ಹಾಕುತ್ತಾರೆ.

ಇಂಗ್ಲಿಷಿನ 'ಬ್ಯಾಲೆನ್ಸ್' ಹಾಗಲ್ಲ. ಅದರ ಮೂಲ ಲ್ಯಾಟಿನ್ನಿನಲ್ಲಿದೆ, ಎರಡು ತಟ್ಟೆಯ ತಕ್ಕಡಿ ಅಂತ ಅರ್ಥ. ಲೆಕ್ಕದ ಎರಡು ಬದಿ ಸಮವಾಗಲು ಎಷ್ಟು ಬೇಕೋ ಅದು ಬ್ಯಾಲೆನ್ಸ್. ಅದು ಯಾವ ತಟ್ಟೆಯದು ಅಂತ ಪದ ಹೇಳುವುದಿಲ್ಲ. ಅದಕ್ಕೇ ಕ್ರೆಡಿಟ್ ಕಾರ್ಡಿನ ಬ್ಯಾಲೆನ್ಸ್ ಅಂದರೆ ನಾವು ಕೊಡಬೇಕಾದ್ದು, ಗಿಫ್ಟ್ ಕಾರ್ಡಿನ ಬ್ಯಾಲೆನ್ಸ್ ಅಂದರೆ ನಮ್ಮ ಹತ್ತಿರ ಇರುವುದು. ನೋಡಲು ಎರಡೂ ಒಂದೇ ಥರದ ಕಾರ್ಡು, ಪದವೂ ಒಂದೇ, ಅರ್ಥ ಮಾತ್ರ ತದ್ವಿರುದ್ಧ. ಕ್ರೆಡಿಟ್ ಕಾರ್ಡಿಗೆ 'ಬಾಕಿ' ಅಂತ ಬರೆದರೆ ನೂರಕ್ಕೆ ನೂರು ಸರಿ. ಆ ಪದವನ್ನೇ ಎತ್ತಿಕೊಂಡು ಗಿಫ್ಟ್ ಕಾರ್ಡಿಗೂ ಅಂಟಿಸಿದರೆ ಇರುವ ಹಣವೇ ಸಾಲದ ಹಾಗೆ ಕಾಣುತ್ತದೆ.

'ತುಂಬಿ' ಅನ್ನುವುದು ಇನ್ನೊಂದು ಎಡವಟ್ಟು. ಬರೆದವರ ಮನಸ್ಸಿನಲ್ಲಿ ಕೊಡಕ್ಕೆ ನೀರು ತುಂಬಿದ ಚಿತ್ರ ಇದ್ದಿರಬೇಕು. ಕಾರ್ಡು ಖಾಲಿ, ಅದಕ್ಕೆ ಹಣ ತುಂಬಿ. ಆದರೆ ಉತ್ತರ ಕರ್ನಾಟಕದ ಕಡೆ ಬಿಲ್ಲು ತುಂಬುತ್ತಾರೆ, ಫೀ ತುಂಬುತ್ತಾರೆ, ದಂಡ ತುಂಬುತ್ತಾರೆ. ದಕ್ಷಿಣದವರು 'ಕಟ್ಟು' ಅನ್ನುವ ಕಡೆ ಅವರದು 'ತುಂಬು'. ಮೇಲೆ 'ನಿಮ್ಮ ಬಾಕಿ', ಕೆಳಗೆ 'ಹಣ ತುಂಬಿ' ಅಂತ ಇದ್ದರೆ ಅಲ್ಲಿಯವರಿಗೆ ಅದು ನೋಟೀಸಿನ ಹಾಗೇ ಕಾಣುತ್ತದೆ.

ಫೋನಿನಲ್ಲಿ ನಾನು ಹೇಳಿದೆ: "ಅದು ನೀ ಕೊಡಬೇಕಾದ ರೊಕ್ಕ ಅಲ್ಲ ಚಿಗವ್ವ, ನಿಂದ ರೊಕ್ಕ. ಕಾರ್ಡಿನ್ಯಾಗ ಐತಿ." ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವಳೇ ಅಂದಳು: "ಅಂದ್ರ ಶಿಲ್ಕ ಅನ್ನು ಮತ್ತ!"

ನಾನು ಅಲ್ಲೇ ನಿಂತುಬಿಟ್ಟೆ. ಚಿಗವ್ವ ಹಿಂದೆ ಒಂದು ಸಂಘದ ಲೆಕ್ಕ ಬರೆಯುತ್ತಿದ್ದವಳು. ಉದ್ದ ಪುಸ್ತಕ, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಪುಟದ ಮೇಲ್ತುದಿಗೆ 'ಆರಂಭದ ಶಿಲ್ಕು', ಕೊನೆಗೆ 'ಆಖೈರು ಶಿಲ್ಕು'. ಈ ಪದ ಮರಾಠಿಯ 'ಶಿಲ್ಲಕ್'ನಿಂದ ಬಂದದ್ದು. ಪಂಚಾಯಿತಿ, ಸಹಕಾರ ಸಂಘಗಳ ಲೆಕ್ಕದಲ್ಲಿ ಇವತ್ತಿಗೂ ಓಡಾಡುತ್ತಿದೆ. ಇದರಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ಶಿಲ್ಕು ಅಂದರೆ ಕೈಯಲ್ಲಿರುವ ಹಣ. ಕೊಡಬೇಕಾದ ಹಣಕ್ಕೆ ಸಾಮಾನ್ಯವಾಗಿ ಯಾರೂ ಶಿಲ್ಕು ಅನ್ನುವುದಿಲ್ಲ. ತಕ್ಕಡಿಯ ಎರಡು ತಟ್ಟೆಯಲ್ಲಿ ನಮ್ಮ ತಟ್ಟೆಗೆ ಮಾತ್ರ ಸೇರಿದ ಪದ ಇದು.

ಇದನ್ನು 'ಉಳಿಕೆ'ಯ ಜೊತೆ ಇಟ್ಟು ನೋಡಿ. 'ಉಳಿಕೆ' ಒಳ್ಳೆಯ ಪದವೇ, ಎಲ್ಲರಿಗೂ ಗೊತ್ತು. ಆದರೆ ಒಂದು ಸಣ್ಣ ತೊಡಕಿದೆ. ಈಗಷ್ಟೇ 1000 ಹಾಕಿದ್ದೀರಿ, ಒಂದು ಪೈಸೆಯನ್ನೂ ಖರ್ಚು ಮಾಡಿಲ್ಲ ಅಂದುಕೊಳ್ಳಿ. ಆಗ 'ಉಳಿಕೆ: 1000' ಅಂದರೆ ಸರಿ ಅನ್ನಿಸುತ್ತದಾ? ಬಳಸಿಯೇ ಇಲ್ಲ ಅಂದಮೇಲೆ ಉಳಿಯುವುದು ಏನು? ಮತ್ತೆ ಮತ್ತೆ ಹಣ ಹಾಕುವ ಕಾರ್ಡಿನಲ್ಲಿ ಈ ಸ್ಥಿತಿ ಪ್ರತಿ ಸಲವೂ ಬರುತ್ತದೆ. ಶಿಲ್ಕಿಗೆ ಈ ತೊಡಕಿಲ್ಲ, ಆರಂಭದಲ್ಲೂ ಶಿಲ್ಕೇ, ಕೊನೆಯಲ್ಲೂ ಶಿಲ್ಕೇ. 'ಉಳಿತಾಯ' ಬೇಡವೇ ಬೇಡ, ಅದು ಕೂಡಿಟ್ಟ ಹಣ. 'ಶೇಷ' ಅಂದರೆ ನನಗೆ ಭಾಗಾಕಾರ ನೆನಪಾಗುತ್ತದೆ.

ಹಾಗಂತ ಪುಟದಲ್ಲಿ 'ಶಿಲ್ಕು' ಅಂತ ಬರೆದರೆ ಇಪ್ಪತ್ತರ ಹುಡುಗರಿಗೆ ತಿಳಿಯುತ್ತದಾ? ಮನೆಯಲ್ಲಿ ಕೇಳಿ ನೋಡಿದೆ. ದೊಡ್ಡವರು ತಕ್ಷಣ ಹೇಳಿದರು, ಚಿಕ್ಕವರು ಹುಬ್ಬೇರಿಸಿದರು. ಅವರಿಗೆ 'ಬ್ಯಾಲೆನ್ಸ್' ಅನ್ನುವುದೇ ಮನೆಮಾತು. ಆದ್ದರಿಂದ ನನ್ನ ಮಟ್ಟಿಗೆ ಹೀಗೆ: ಬಾಯಲ್ಲಿ 'ಬ್ಯಾಲೆನ್ಸ್' ಇರಲಿ, ಲೆಕ್ಕದಲ್ಲಿ 'ಶಿಲ್ಕು' ಇರಲಿ, ಎಲ್ಲರೂ ಓದುವ ಪುಟದಲ್ಲಿ 'ಕಾರ್ಡಿನಲ್ಲಿರುವ ಹಣ' ಅಂತ ಬಿಡಿಸಿ ಬರೆಯಲಿ. ಎರಡು ಪದ ಆದರೂ ಪರವಾಗಿಲ್ಲ. ಒಂದೇ ಪದದಲ್ಲಿ ಹೇಳಲೇಬೇಕು ಅನ್ನುವ ಹಟದಿಂದಲೇ ಅಲ್ವಾ 'ಬಾಕಿ' ಒಳಗೆ ಬಂದದ್ದು?

ಹಣ ಸೇರಿಸುವುದಕ್ಕಂತೂ ಜನರ ಬಾಯಲ್ಲೇ ಪದ ಇದೆ. ಮೊಬೈಲಿಗೆ 'ಕರೆನ್ಸಿ ಹಾಕಿಸು' ಅಂದಿದ್ದು ಯಾರೂ ಕಲಿಸಿ ಅಲ್ಲ. 'ಕರೆನ್ಸಿ ಖಾಲಿ ಆಗಿದೆ, ನೀವೇ ಫೋನ್ ಮಾಡಿ' ಅನ್ನುವ ಮಾತು ಕೇಳದ ಮನೆ ಇತ್ತಾ? ಅಂಗಡಿಯವನ ಕೈಯಲ್ಲಿ ಮಾಡಿಸಿದರೆ 'ಹಾಕಿಸು', ನಾವೇ ಮಾಡಿಕೊಂಡರೆ 'ಹಾಕು'. 'ಕಾರ್ಡಿಗೆ ಹಣ ಹಾಕಿ' ಅಂದರೆ ಉತ್ತರ, ದಕ್ಷಿಣ ಎರಡೂ ಕಡೆ ಒಂದೇ ಅರ್ಥ. 'ಮರುತುಂಬುವಿಕೆ', 'ಮರುಭರ್ತಿ' ಇವೆಲ್ಲ ಸುಮ್ನೆ ಭಾರ.

ಕಾರ್ಡಿನ ಹಣವನ್ನು ಬಳಕೆಗೆ ತರಲು ಒತ್ತುವ 'ರಿಡೀಮ್' ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಇದನ್ನು 'ಬಿಡಿಸಿಕೊಳ್ಳಿ' ಅಂತ ಮಾಡಿದರೆ ಅಡವಿಟ್ಟ ಒಡವೆ ನೆನಪಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಏನಂದರೆ, ಈ ಒಂದು ಪದದಡಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತವೆ. ಕೆಲವು ಅಂಗಡಿಗಳಲ್ಲಿ ಕಾರ್ಡಿನ ಕೋಡು ಹಾಕಿದ ಕೂಡಲೇ ಇಡೀ ಹಣ ಆ ಅಂಗಡಿಯ ನಿಮ್ಮ ಖಾತೆಗೆ ಹೋಗುತ್ತದೆ. ಕಾರ್ಡು ಆಮೇಲೆ ಬರೀ ಪ್ಲಾಸ್ಟಿಕ್, ಇನ್ನೊಬ್ಬರಿಗೆ ಕೊಟ್ಟರೂ ಉಪಯೋಗವಿಲ್ಲ. ಇನ್ನು ಕೆಲವು ಕಡೆ ಆ ಒಂದು ಖರೀದಿಗೆ ಬೇಕಾದಷ್ಟು ಮಾತ್ರ ಕಳೆಯುತ್ತದೆ, ಉಳಿದದ್ದು ಕಾರ್ಡಿನಲ್ಲೇ ಇರುತ್ತದೆ. ಮೊದಲನೆಯದಕ್ಕೆ 'ಖಾತೆಗೆ ಸೇರಿಸಿ', ಎರಡನೆಯದಕ್ಕೆ 'ಈ ಖರೀದಿಗೆ ಬಳಸಿ' ಅಂತ ಬೇರೆ ಬೇರೆ ಬರೆದರೆ ಬಟನ್ನು ಒತ್ತುವ ಮುಂಚೆಯೇ ಗೊತ್ತಾಗುತ್ತದೆ. ಇಲ್ಲಿ ಕನ್ನಡ ಇಂಗ್ಲಿಷಿಗಿಂತ ಸ್ಪಷ್ಟವಾಗಿ ಹೇಳಬಲ್ಲದು ಅಂತ ನನಗೆ ಖುಷಿ.

ಹಣ ಕಡಿಮೆ ಬಿದ್ದಾಗ 'ಕಾರ್ಡಿನಲ್ಲಿ ಹಣ ಸಾಲದು' ಅಂದರೆ ಮುಗಿಯಿತು. ಆದರೆ 'ಕಾರ್ಡ್ ತಿರಸ್ಕರಿಸಲಾಗಿದೆ' ಅಂತ ಬರುತ್ತದೆ. ಅದನ್ನು ಓದಿದವರು ಕಾರ್ಡೇ ನಕಲಿ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಕಾರಣ ತೀರಾ ಸಣ್ಣದು. ಸಾಮಾನಿನ ಬೆಲೆ ಕಾರ್ಡಿನ ಹಣದೊಳಗೇ ಇರುತ್ತದೆ, ತೆರಿಗೆ ಮತ್ತು ಕಳಿಸುವ ಖರ್ಚು ಸೇರಿದಾಗ ದಾಟಿರುತ್ತದೆ. ಅಥವಾ ಎಲ್ಲ ಅಂಗಡಿಯಲ್ಲೂ ನಡೆಯುವಂಥ ಕಾರ್ಡಾದರೆ, ಅದನ್ನು ಕೊಟ್ಟ ಸಂಸ್ಥೆಯ ಪುಟದಲ್ಲಿ ನಿಮ್ಮ ವಿಳಾಸ ಇನ್ನೂ ದಾಖಲಾಗಿರುವುದಿಲ್ಲ. ಅಂಗಡಿಯವರು ತಾಳೆ ನೋಡಿದಾಗ ಹೊಂದುವುದಿಲ್ಲ. 'ವಿಳಾಸ ತಾಳೆಯಾಗಲಿಲ್ಲ' ಅನ್ನುವುದಕ್ಕೆ ಎಷ್ಟು ಜಾಗ ಬೇಕು? 'ತಾಳೆ' ಎಂಥ ಚೆಂದದ ಪದ, ಬಳಸೋಣ.

ಇನ್ನು 'ಮರುಪಾವತಿ'. ಸಾಲ ತೀರಿಸುವುದಕ್ಕೂ ಇದೇ, ಸಾಮಾನು ಹಿಂದಿರುಗಿಸಿದಾಗ ನಮಗೆ ಬರುವ ಹಣಕ್ಕೂ ಇದೇ. ನಾನೇ ಒಮ್ಮೆ ಒಂದು ಸಾಮಾನು ವಾಪಸ್ ಕಳಿಸಿದಾಗ 'ನಿಮ್ಮ ಮರುಪಾವತಿ ಬಾಕಿ ಇದೆ' ಅಂತ ಸಂದೇಶ ಬಂತು. ನಿಧಾನವಾಗಿ ಓದಿ. ನನಗೆ ಬರಬೇಕಾದ್ದು ಇನ್ನೂ ಬಂದಿಲ್ಲವಾ, ನಾನು ತೀರಿಸಬೇಕಾದ್ದು ಇನ್ನೂ ತೀರಿಸಿಲ್ಲವಾ? 'ನಿಮ್ಮ ಹಣ ಇನ್ನೂ ವಾಪಸ್ ಬರಬೇಕಿದೆ' ಅಂದಿದ್ದರೆ ಆಗುತ್ತಿತ್ತು. ಅಂದ ಹಾಗೆ, ಇಂಥ ಹಣ ಸಾಮಾನ್ಯವಾಗಿ ಕೊಟ್ಟ ಕಾರ್ಡಿಗೇ ಹಿಂದಿರುಗುತ್ತದೆ. ಆದ್ದರಿಂದ ಸೊನ್ನೆ ತೋರಿಸುವ ಕಾರ್ಡಿಗೆ 'ಮುಗಿದ ಕಾರ್ಡು' ಅನ್ನಬಾರದು, 'ಖಾಲಿ ಕಾರ್ಡು' ಅನ್ನಬೇಕು. ಮುಗಿದದ್ದನ್ನು ಬಿಸಾಡುತ್ತೇವೆ, ಖಾಲಿಯಾದದ್ದನ್ನು ಇಟ್ಟುಕೊಳ್ಳುತ್ತೇವೆ.

'ಉಡುಗೊರೆ ಕಾರ್ಡು' ಅನ್ನುವ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. 'ಉಡುಗೊರೆ'ಯೊಳಗೆ 'ಉಡು' ಇದೆ, ಬಟ್ಟೆಯ ಕಾಣಿಕೆಗೆ ಇದ್ದ ಪದ ಎಲ್ಲ ಥರದ ಕೊಡುಗೆಗೂ ಹಬ್ಬಿದೆ. ಅಷ್ಟು ಹಬ್ಬಿದ ಪದ ಪ್ಲಾಸ್ಟಿಕ್ ಚೂರಿಗೂ ಹೊಂದಿಕೊಳ್ಳುತ್ತದೆ.

ನಿಜವಾಗಿ ನನಗೆ ಪದ ಸಿಗದೇ ಇರುವುದು ಒಂದೇ ಕಡೆ. ಚಿಗವ್ವನ ಕಾರ್ಡಿನಲ್ಲಿ 720 ಇತ್ತಲ್ಲ, ಆಮೇಲೆ ಅವಳು 600ರ ಒಂದು ಆರ್ಡರು ಹಾಕಿ, ಮನಸ್ಸು ಬದಲಾಗಿ ಅವತ್ತೇ ರದ್ದು ಮಾಡಿದಳು. ಆದರೂ ಕೆಲವು ದಿನ ಕಾರ್ಡಿನಲ್ಲಿ 120 ಮಾತ್ರ ಕಾಣುತ್ತಿತ್ತು. ಅಂಗಡಿಯವರು ಕೇಳಿದಾಗ ಕಾರ್ಡಿನ ಸಂಸ್ಥೆ 600ನ್ನು ಬದಿಗಿಟ್ಟಿರುತ್ತದೆ, ಅಂಗಡಿಯವರು ಅದನ್ನು ಬಿಟ್ಟುಕೊಟ್ಟ ಮೇಲೆ ಅಥವಾ ಗಡುವು ಮುಗಿದ ಮೇಲೆ ಅದು ಮತ್ತೆ ಸೇರುತ್ತದೆ. ಹಣ ಹೋಗಿಲ್ಲ, ಇದೆ, ಆದರೆ ಮುಟ್ಟುವ ಹಾಗಿಲ್ಲ. ಪುಟದಲ್ಲಿ 120ರ ಎದುರು 'ಲಭ್ಯ ಬಾಕಿ' ಅಂತಿತ್ತು. ಸಿಗುವ ಸಾಲ ಅಂದ ಹಾಗಾಯಿತು! ಅದಕ್ಕೆ 'ಬಳಸಬಹುದಾದ ಹಣ' ಅಂದರೆ ಸಾಕು. ಆದರೆ ಆ 600ಕ್ಕೆ ಏನು ಹೇಳಬೇಕು?

ಜನ 'ದುಡ್ಡು ಬ್ಲಾಕ್ ಆಗಿದೆ' ಅಂತಾರೆ, 'ಹೋಲ್ಡ್ ಆಗಿದೆ' ಅಂತಾರೆ. 'ತಡೆಹಿಡಿದ ಹಣ' ಅಂದರೆ ನಾವೇನೋ ತಪ್ಪು ಮಾಡಿ ಮೇಲಿನವರು ಹಿಡಿದಿಟ್ಟ ಹಾಗಿದೆ. 'ಕಾಯ್ದಿರಿಸಿದ ಹಣ' ಅರ್ಥದಲ್ಲಿ ಹತ್ತಿರವೇ, ಆದರೆ ಸೀಟು ಕಾಯ್ದಿರಿಸಿದ ಹಾಗೆ ಕೇಳುತ್ತದೆ. 'ಮುಡಿಪು' ಹರಕೆಯದು, ಅದನ್ನು ಇಲ್ಲಿಗೆ ಎಳೆಯಬಾರದು. ನನಗೆ ಹೊಳೆದದ್ದು 'ಎತ್ತಿಟ್ಟ ಹಣ'. ಯಾರಿಗೋ ಕೊಡುವುದಿದೆ ಅಂತ ಡಬ್ಬಿಯಲ್ಲಿ ಬೇರೆ ಎತ್ತಿಡುತ್ತೇವೆ, ಅವರು ಬೇಡ ಅಂದರೆ ಮತ್ತೆ ಸೇರಿಸಿಕೊಳ್ಳುತ್ತೇವೆ. ಕೆಲಸ ಅದೇ. ಆದರೆ ಇಲ್ಲಿ ಎತ್ತಿಟ್ಟವರು ನಾವಲ್ಲ, ಇನ್ನೊಬ್ಬರು. ಆ ಎಳೆ ಈ ಪದದಲ್ಲಿ ಬರುವುದಿಲ್ಲ ಅನ್ನುವುದೇ ನನ್ನ ಅಳುಕು.

ನಿಮ್ಮ ಕಡೆ ಇದಕ್ಕೆ ಏನಂತೀರಿ? ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಅಂಗಡಿ ಲೆಕ್ಕ ಬರೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಹಳೆಯ ಲೆಕ್ಕದ ಪುಸ್ತಕದಲ್ಲಿ ಇಂಥದ್ದಕ್ಕೆ ಪದ ಇದ್ದೇ ಇರಬೇಕು. ಆ ಪುಟದವರಿಗೆ ಒಂದು ಪತ್ರ ಬರೆಯುತ್ತಿದ್ದೇನೆ. 'ಬಾಕಿ', 'ತುಂಬಿ', 'ಮರುಪಾವತಿ' ಮೂರಕ್ಕೂ ಬದಲಿ ಬರೆದಾಗಿದೆ. ಇದೊಂದರ ಮುಂದೆ ಇನ್ನೂ ಜಾಗ ಖಾಲಿ ಬಿಟ್ಟಿದ್ದೇನೆ.