ಹಳೆಯ ಪ್ರಿಂಟರ್, ಹೊಸ ಫೋನ್: ಮನೆಯ ವೈಫೈ ಬದಲಾಯಿಸುವ ಬಗ್ಗೆ

ಪ್ರಶ್ನೆ (ಲಕ್ಷ್ಮೀಪುರಂ, ಮೈಸೂರು)

ನಮ್ಮದು ಒಂದೂವರೆ ಅಡಿ ದಪ್ಪದ ಗೋಡೆಗಳ ಹಳೆಯ ಮನೆ. ಫೈಬರ್ ಸಂಪರ್ಕ 200 ಎಂಬಿಪಿಎಸ್‌ನದಾದರೂ, ರೌಟರ್ ಇರುವ ಹಜಾರ ದಾಟಿ ಅಡುಗೆಮನೆಯ ಹಿಂದಿನ ಕೋಣೆಗೆ ಬರುವಷ್ಟರಲ್ಲಿ ಸಿಗ್ನಲ್ ಒಂದೇ ಗೆರೆಗೆ ಇಳಿದಿರುತ್ತದೆ. ವೈಫೈ 6 ರೌಟರ್ ಕೊಳ್ಳುವ ಯೋಚನೆಯಿದೆ. ಆದರೆ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು (ಬ್ಯಾಂಡ್) ಮಾತ್ರ ಹಿಡಿಯುವ ಪ್ರಿಂಟರ್, ಗೇಟಿನ ಕ್ಯಾಮೆರಾ ಮತ್ತು ಯಜಮಾನರ ಹಳೆಯ ಲ್ಯಾಪ್‌ಟಾಪ್ ಇನ್ನೂ ಬಳಕೆಯಲ್ಲಿವೆ. ಇವು ಹೊಸ ಫೋನ್‌ಗಳ ವೇಗವನ್ನೂ ತಗ್ಗಿಸುತ್ತವೆ ಎಂದು ಅಂಗಡಿಯವರು ಹೇಳಿದರು. ಎಲ್ಲವನ್ನೂ ಬದಲಿಸಲೇಬೇಕೇ?

ಉತ್ತರ (ಮಂಡ್ಯ)

ಬದಲಿಸಬೇಕಾಗಿಲ್ಲ, ಮೇಡಂ. ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ: ಒಂದು ಚಾನೆಲ್ಲನ್ನು (ಪಟ್ಟಿಯ ಒಂದು ಭಾಗ) ಸಾಧನಗಳು ಸರದಿಯಂತೆ ಬಳಸಬೇಕಾದ್ದರಿಂದ, 54 ಎಂಬಿಪಿಎಸ್ ಮೀರದ 802.11ಜಿ ಎಂಬ ಹಳೆಯ ವೈಫೈ ಮಾನದಂಡದ ಕಾಲದ ಸಾಧನವು ಅಷ್ಟೇ ದತ್ತಾಂಶ ಕಳಿಸಲು ಹೆಚ್ಚು ಹೊತ್ತು ತೆಗೆದುಕೊಂಡು ಉಳಿದವುಗಳನ್ನು ಕಾಯಿಸುತ್ತದೆ. ಆದರೆ ಎಂದೋ ಎರಡು ಹಾಳೆ ಮುದ್ರಿಸುವ ಪ್ರಿಂಟರ್‌ನಿಂದ ಹೆಚ್ಚೇನೂ ನಷ್ಟವಿಲ್ಲ. ದುರ್ಬಲ ಸಿಗ್ನಲ್‌ನಲ್ಲಿ ಹಗಲಿರುಳು ವಿಡಿಯೋ ಕಳಿಸುವ ಕ್ಯಾಮೆರಾವೇ ನಿಜವಾದ ಹೊರೆ. ಅದೂ 2.4ರ ಪಟ್ಟಿಗೆ ಸೀಮಿತ. ಫೋನ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿದರೆ ಅವುಗಳಿಗೆ ಇದರ ಬಾಧೆಯಿಲ್ಲ.

2.4ರಲ್ಲಿ ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. 1, 6, 11ರಲ್ಲಿ ನೆರೆಮನೆಯವರ ಗದ್ದಲ ಕಡಿಮೆಯಿರುವುದನ್ನು ಆರಿಸಿಕೊಳ್ಳಿ. ರೌಟರಿನ ಭದ್ರತೆಯ ಆಯ್ಕೆಗಳಲ್ಲಿ ಡಬ್ಲ್ಯುಪಿಎ2, ಅದರ ಗೂಢಲಿಪಿಗೆ ಎಇಎಸ್ ಸಾಕು. ಹಳೆಯದಕ್ಕೆ ಅನುಕೂಲವಾಗಲೆಂದು ಟಿಕೆಐಪಿ ಎಂಬ ಹಳೆಯ ಗೂಢಲಿಪಿ ಇಟ್ಟರೆ, ಜಿಗಿಂತ ಹೊಸದಾದ 802.11ಎನ್ ಸಾಧನಗಳೂ 54ಕ್ಕೆ ಕುಸಿಯುತ್ತವೆ.

ಉತ್ತರ (ಕುವೆಂಪುನಗರ, ಮೈಸೂರು)

ಮೇಲಿನ ಉತ್ತರ ಸರಿಯೇ, ಆದರೆ ಮೊದಲು ನೋಡಬೇಕಾದದ್ದು ಗೋಡೆಯನ್ನು. ಹೊಸ ರೌಟರ್ ಬಂದ ಮಾತ್ರಕ್ಕೆ ಗೋಡೆ ತೆಳುವಾಗುವುದಿಲ್ಲ. 5 ಗಿಗಾಹರ್ಟ್ಸ್ ಅಲೆಗಳು 2.4ಕ್ಕಿಂತಲೂ ಬೇಗ ಸೋಲುತ್ತವೆ. ಹಿಂದಿನ ಕೋಣೆಗೆ ಒಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಸಿ, ಅಲ್ಲಿ ಎರಡನೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ (ಮೊದಲ ರೌಟರಿನ ಜಾಲವನ್ನೇ ಮುಂದುವರಿಸುವ ಬಗೆ) ಇಡಿ. ಆ ಮೋಡ್ ಹಾಕದಿದ್ದರೆ ಮನೆಯೊಳಗೇ ಎರಡು ಜಾಲಗಳಾಗಿ, ಒಂದು ಕಡೆಯ ಫೋನಿಗೆ ಇನ್ನೊಂದು ಕಡೆಯ ಪ್ರಿಂಟರ್ ಕಾಣದೆ ಹೋಗಬಹುದು. ರಿಪೀಟರ್ ಅಗ್ಗ ನಿಜ, ಆದರೆ ಬಂದದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಕಳಿಸುವಂಥದ್ದಾದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಕೇಬಲ್ಲಿನ ಎಂಟೂ ತಂತಿಗಳು ಕೂಡಿವೆಯೇ ಎಂದು ಎದುರಿಗೇ ಪರೀಕ್ಷೆ ಮಾಡಿಸಿ. ನಾಲ್ಕೇ ಕೂಡಿದರೆ ಸಂಪರ್ಕ 100 ಎಂಬಿಪಿಎಸ್‌ಗೆ ನಿಲ್ಲುತ್ತದೆ. ತಾರಸಿಯ ಮೇಲೆ ಎಳೆಸಬೇಡಿ, ಬಿಸಿಲು ಮತ್ತು ಕೋತಿಗಳು ಅದನ್ನು ಉಳಿಸುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕೇಬಲ್ ಮೊದಲು ಹಾಕಿಸುತ್ತೇನೆ. ಎರಡೂ ಪಟ್ಟಿಗಳಿಗೆ ಒಂದೇ ಹೆಸರು ಇಡಬೇಕೇ?

ಉತ್ತರ (ಮಂಡ್ಯ)

ನಿಮ್ಮಲ್ಲಿರುವ ಸಾಧನಗಳಿಗೆ ಬೇರೆ ಬೇರೆ ಹೆಸರೇ ಒಳ್ಳೆಯದು. ಈಗಿನ ಹೆಸರನ್ನೂ ಪಾಸ್‌ವರ್ಡನ್ನೂ ಹೊಸ ರೌಟರಿನ 2.4ಕ್ಕೆ ಯಥಾವತ್ತಾಗಿ ಕೊಟ್ಟರೆ ಪ್ರಿಂಟರ್, ಕ್ಯಾಮೆರಾಗಳು ಸಾಮಾನ್ಯವಾಗಿ ತಾವಾಗಿಯೇ ಸೇರಿಕೊಳ್ಳುತ್ತವೆ. ಲ್ಯಾಪ್‌ಟಾಪಿಗೆ ಮಾತ್ರ ಹೊಸ ಜಾಲದ ಹೆಸರೇ ಕಾಣದಿದ್ದರೆ ವೈಫೈ ಡ್ರೈವರ್ (ವೈಫೈ ನಡೆಸುವ ತಂತ್ರಾಂಶ) ನವೀಕರಿಸಿ. ಹಳೆಯ ಇಂಟೆಲ್ ಡ್ರೈವರ್‌ಗಳಲ್ಲಿ ಈ ತೊಂದರೆ ಇತ್ತು. ಆಗಲೂ ಕಾಣದಿದ್ದರೆ 2.4ರಲ್ಲಿ 802.11ಎಎಕ್ಸ್ (ಅಂದರೆ ವೈಫೈ 6) ಆಯ್ಕೆಯನ್ನು ಆಫ್ ಮಾಡಿಬಿಡಿ, 5ರಲ್ಲಿ ಹಾಗೆಯೇ ಇರಲಿ.